ಪೆಟ್ರೋಲಿಗೂ ನನಗೂ ಇರುವ ಹಗೆ

ನನ್ನ ಮೊಮ್ಮಗಳು ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ನಿನ್ನೆ ಆಸ್ಪತ್ರೆಯಿಂದ ಬಂದ ಮೇಲೆ ಕಟ್ಟಡದ ಕಾವಲುಗಾರನಿಗೆ ಹೇಳಿದೆ. ಕೆಳಗಿನ ಅಂಗಡಿಯ ಮಲಯಾಳಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕಿದ ಫಿಲಿಪೀನ್ಸಿನ ಹೆಂಗಸಿಗೂ ಹೇಳಿದೆ. ಆಕೆಗೆ ನನ್ನ ಮಾತು ಒಂದಕ್ಷರ ತಿಳಿಯಲಿಲ್ಲ, ಆದರೂ ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದಳು. ಈಗ ಹೇಳಲು ಯಾರೂ ಉಳಿಯದ್ದರಿಂದ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ ಮಾತ್ರ. ಹುಟ್ಟಿದ ಮನೆಯಲ್ಲಿ ಬ್ಯಾರಿ, ದುಡಿದಲ್ಲಿ ಹಿಂದಿ, ಆದರೆ ಪೆನ್ನು ಹಿಡಿದರೆ ಕೈಗೆ ಬರುವುದು ಕನ್ನಡ ಒಂದೇ.

ಸಂತೋಷ ಒಂದು ಪಾಲಾದರೆ ನನ್ನಲ್ಲಿ ಸಿಟ್ಟು ಎರಡು ಪಾಲು ಇದೆ. ಸಿಟ್ಟು ಮನುಷ್ಯರ ಮೇಲಲ್ಲ, ಪೆಟ್ರೋಲಿನ ಮೇಲೆ. ಕಾರಿನ ಹೊಟ್ಟೆಗೆ ಹಾಕುವ ಆ ಪೆಟ್ರೋಲಿನ ಮೇಲೆ ನಾನು ಹಗೆ ಸಾಧಿಸುತ್ತಿದ್ದೇನೆ. ನಗುವವರು ನಗಲಿ. ನನ್ನ ಮಗನೂ ನಗುತ್ತಾನೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಕತಾರಿಗೆ ಬಂದೆ. ಆಗ ನಮ್ಮ ಗ್ಯಾರೇಜು ಇದ್ದದ್ದು ದೋಹಾ ಅಲ್ ಜದೀದಾದ ಒಂದು ಓಣಿಯಲ್ಲಿ. ಪೆಟ್ರೋಲು ಇಲ್ಲಿ ನೀರಿಗಿಂತ ಅಗ್ಗ ಎಂದು ಊರಿಗೆ ಹಾಕಿದ ಮೊದಲ ಕಾಗದದಲ್ಲೇ ಹೆಮ್ಮೆಯಿಂದ ಬರೆದಿದ್ದೆ. ಅಗ್ಗದ ವಸ್ತುವಿಗೆ ಯಾರೂ ಹೆದರುವುದಿಲ್ಲ ನೋಡಿ. ಕೈಗೆ ಗ್ರೀಸ್ ಹತ್ತಿದರೆ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದೆವು. ಅಂಗಿಗೆ ಕಲೆಯಾದರೆ ಪೆಟ್ರೋಲು. ರೂಮಿನ ಕಬ್ಬಿಣದ ಮಂಚಗಳಲ್ಲಿ ತಿಗಣೆಯಾದರೆ ಸಂದುಗಳಿಗೆಲ್ಲ ಪೆಟ್ರೋಲು ಸುರಿದು, ಒಂದು ಹೊತ್ತು ಬಿಸಿಲಿಗೆ ಇಟ್ಟು, ಅದೇ ಮಂಚದ ಮೇಲೆ ಮಲಗುತ್ತಿದ್ದೆವು. ತಿಗಣೆ ಸತ್ತಿತೆಂದು ಖುಷಿಪಟ್ಟೆವೇ ಹೊರತು, ತಿಗಣೆಯನ್ನು ಕೊಂದ ಗಾಳಿಯನ್ನೇ ನಾವೂ ಉಸಿರಾಡುತ್ತಿದ್ದೇವೆ ಎಂದು ಒಬ್ಬನಿಗೂ ಹೊಳೆಯಲಿಲ್ಲ.

ಟ್ಯಾಂಕಿನಿಂದ ಪೆಟ್ರೋಲು ತೆಗೆಯುವುದು ಬಾಯಿಂದ. ರಬ್ಬರು ಪೈಪಿನ ಒಂದು ತುದಿ ಟ್ಯಾಂಕಿಗೆ, ಇನ್ನೊಂದು ತುದಿ ಬಾಯಿಗೆ. ಜೋರಾಗಿ ಎಳೆದು, ನಾಲಿಗೆಗೆ ತಾಗುವ ಮೊದಲು ಕ್ಯಾನಿಗೆ ಬಿಡಬೇಕು. ಹೊಸಬನಿಗೆ ಕಲಿಸುವ ಮೊದಲ ಪಾಠವೇ ಅದು. ನಾಲ್ಕು ಸಲದಲ್ಲಿ ಒಂದು ಸಲ ಗುಟುಕು ಒಳಗೆ ಹೋಗಿಯೇ ಹೋಗುತ್ತಿತ್ತು. ಅದಕ್ಕೊಂದು ಮದ್ದು ನಮ್ಮಲ್ಲಿತ್ತು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುವುದು, ಒಂದು ಲೋಟ ಹಾಲು ಕುಡಿಯುವುದು, ಮತ್ತೆ ಕೆಲಸಕ್ಕೆ ಬರುವುದು. ಗೋಡೆಯ ಬದಿಯಲ್ಲಿ ಒಬ್ಬ ಬಗ್ಗಿ ಕಾರುತ್ತಿದ್ದರೆ ಉಳಿದವರು ಹಿಂದಿನಿಂದ ಕೇಳುತ್ತಿದ್ದೆವು.

"ಕುಡಿದದ್ದು ಸೂಪರ್ ಪೆಟ್ರೋಲಾ, ಸಾದಾವಾ?"

"ಸೂಪರ್ ಆದ್ರೆ ಇವತ್ತು ನಡ್ಕೊಂಡಲ್ಲ, ಓಡಿಕೊಂಡೇ ರೂಮಿಗೆ ಹೋಗ್ತಾನೆ ಬಿಡು."

ನಾನೂ ಹಾಗೆ ನಗಿಸಿದ್ದೇನೆ, ನಾನೂ ಹಾಗೆ ಕಾರಿದ್ದೇನೆ.

ಪೆಟ್ರೋಲು ನಮ್ಮಿಂದ ಏನೇನು ಕಿತ್ತುಕೊಳ್ಳುತ್ತಿದೆ ಎಂದು ಆಗ ತಿಳಿಯಲಿಲ್ಲ. ಅದು ಒಂದೇ ಸಲ ಕೇಳುವುದಿಲ್ಲ. ಬೆರಳ ತುದಿಗಳು ಒಡೆದವು, ಮೀನಿನ ಸಾರಿಗೆ ಕೈ ಹಾಕಿದರೆ ಉರಿ. ಸಂಜೆಯಾದರೆ ತಲೆನೋವು, ಬಿಸಿಲಿನಿಂದ ಎಂದುಕೊಂಡೆವು. ನನ್ನ ಪಕ್ಕದ ಮಂಚದವನು ಉಡುಪಿ ಕಡೆಯವನು, ಒಳ್ಳೆ ಗಟ್ಟಿ ಆಳು. ಒಂದು ವರ್ಷದಲ್ಲಿ ಸುಣ್ಣದ ಹಾಗೆ ಬಿಳಿಚಿಕೊಂಡ. ಏನೋ ರಕ್ತದ ಕಾಯಿಲೆ. ನೀನು ಎಂತ ಕೆಲಸ ಮಾಡುವುದು ಎಂದೇ ಡಾಕ್ಟರು ಮೊದಲು ಕೇಳಿದರಂತೆ, ಅವನು ನಮಗೆ ಹೇಳಿದ. ಯಾಕೆ ಹಾಗೆ ಕೇಳಿದರು ಎಂದು ನಾವು ಯಾರೂ ಯೋಚಿಸಲಿಲ್ಲ. ಅವನು ರಜೆ ಹಾಕಿ ಊರಿಗೆ ಹೋದ, ಮತ್ತೆ ಬರಲಿಲ್ಲ. ಹಣೆಬರಹ ಎಂದೆವು. ಅವನ ಮಂಚಕ್ಕೆ ಇನ್ನೊಬ್ಬ ಬಂದ. ಆ ಮಂಚದ ತಿಗಣೆಗೂ ನಾವೇ ಪೆಟ್ರೋಲು ಸುರಿದೆವು.

ನನ್ನದು ಹೋದದ್ದು ಮೂಗು. ಯಾವಾಗ ಹೋಯಿತೆಂದೇ ಗೊತ್ತಿಲ್ಲ. ಒಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಹೆಂಡತಿ ನೀರು ತರಲು ಹೋಗಿದ್ದಳು, ನಾನು ಒಲೆಯ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದೆ. ಅವಳು ಓಡಿಬಂದು, "ಅನ್ನ ಪೂರಾ ಹೊತ್ತಿ ಹೋಗಿದೆ, ಬೀದಿಯವರೆಗೆ ವಾಸನೆ ಉಂಟು, ನಿಮಗೆ ಗೊತ್ತಾಗ್ಲಿಲ್ವಾ?" ಎಂದಳು. ನನಗೆ ಗೊತ್ತಾಗಿರಲಿಲ್ಲ. ಅಂದಿನಿಂದ ಮಲ್ಲಿಗೆಯೂ ಇಲ್ಲ, ಅತ್ತರೂ ಇಲ್ಲ. ಮೂಗು ಇಲ್ಲದೆಯೂ ನಟ್ಟು ತಿರುಗಿಸಬಹುದಲ್ಲ, ಹಾಗಾಗಿ ನಾನು ಅದನ್ನು ದೊಡ್ಡದು ಮಾಡಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮಗ ನನ್ನನ್ನು ತನ್ನ ಹತ್ತಿರವೇ ಇರಿಸಿಕೊಂಡ. ಗ್ಯಾರೇಜು ಬಿಟ್ಟು ನಾಲ್ಕು ವರ್ಷವಾಯಿತು. ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮಗ, ಸೊಸೆ, ಮೊಮ್ಮಗಳು ಮತ್ತು ನಾನು. ಮೊಮ್ಮಗಳಿಗೂ ಈಗ ನಾಲ್ಕು ವರ್ಷ. ನಾನು ಕೆಲಸ ಬಿಡುವುದಕ್ಕೂ ಅವಳು ಹುಟ್ಟುವುದಕ್ಕೂ ಸರಿಹೋಯಿತು. ಶಾಲೆಯ ಇಂಗ್ಲಿಷಿನ ನಡುವೆ ಅಷ್ಟಿಷ್ಟು ಕನ್ನಡ ಸೇರಿಸಿ ಮಾತಾಡುತ್ತಾಳೆ. ಅವಳು ಹೇಳಿದ ಮಾತನ್ನೇ ದಿನಕ್ಕೆ ಹತ್ತು ಸಲ ನೆನೆಸಿಕೊಂಡು ನಗುವುದು ನನ್ನ ಕೆಲಸ.

ಹತ್ತಿರ ಹತ್ತಿರ ಏಳು ವಾರದ ಹಿಂದೆ, ಒಂದು ಶುಕ್ರವಾರ, ಊಟ ಮುಗಿದಿತ್ತು. ಮೊಮ್ಮಗಳು ಫ್ರಿಜ್ಜಿನ ಬಾಗಿಲ ತುಂಬ ಚಿಟ್ಟೆ, ಮೊಲ ಎಂದು ಸ್ಟಿಕ್ಕರ್ ಅಂಟಿಸಿದ್ದಳು. ಸೊಸೆ ಕಿತ್ತು ತೆಗೆದರೂ ಅಂಟು ಉಳಿದಿತ್ತು.

"ಬಿಡಿ ಮಾವ, ಎಣ್ಣೆ ಹಚ್ಚಿ ಇಡ್ತೇನೆ, ನಾಳೆಗೆ ಬರ್ತದೆ" ಎಂದಳು ಸೊಸೆ.

"ಎಣ್ಣೆ ಎಂತಕ್ಕೆ, ಎರಡು ನಿಮಿಷದ ಕೆಲಸ" ಎಂದೆ.

ಬಾಲ್ಕನಿಯಲ್ಲಿ ಬಕೆಟಿನ ಹಿಂದೆ ನನ್ನದೊಂದು ಸಣ್ಣ ನೀರಿನ ಬಾಟಲಿ ಇತ್ತು. ಅದರಲ್ಲಿ ಅರ್ಧ ಪೆಟ್ರೋಲು. ಗ್ಯಾರೇಜಿನಲ್ಲಿ ದುಡಿದವರ ಮನೆಯಲ್ಲಿ ಇಂಥ ಒಂದು ಬಾಟಲಿ ಇದ್ದೇ ಇರುತ್ತದೆ. ನೀರು ಮುಗಿದ ಬಾಟಲಿ ಬಿಸಾಡಲು ಮನಸ್ಸು ಬರುವುದಿಲ್ಲ, ಪೆಟ್ರೋಲಿಗೆ ಅದಕ್ಕಿಂತ ಹದವಾದ ಪಾತ್ರೆ ಸಿಗುವುದಿಲ್ಲ. ಬಟ್ಟೆಗೆ ಹಾಕಿ ಉಜ್ಜಿದೆ, ಅಂಟು ಮಾಯ. ಸೊಸೆ ಕಿಟಕಿ ತೆರೆದು, "ವಾಸನೆ ಮಾವ" ಎಂದಳು. ಈಗ ಹೋಗುತ್ತದೆ ಎಂದೆ. ಅವಳು ಒಣಗಿದ ಬಟ್ಟೆ ಮಡಚಲು ಹೋದಳು. ನಾನು ಬಾಟಲಿಯನ್ನು ಫ್ರಿಜ್ಜಿನ ಪಕ್ಕ ನೆಲದ ಮೇಲೆ ಇಟ್ಟು, ಮುಚ್ಚಳವನ್ನು ಬಾಯಿಯ ಮೇಲೆ ಸುಮ್ಮನೆ ಕೂರಿಸಿ, ಕೈ ತೊಳೆಯಲು ಹೋದೆ. ತಿರುಗಿಸಿ ಬಿಗಿ ಮಾಡಲಿಲ್ಲ. ಮೂಗು ಇದ್ದವನು ಬಾತ್‌ರೂಮಿಗೆ ಹೋದ ಮೇಲೂ ಬಾಟಲಿ ತೆರೆದಿದೆ ಎಂದು ತಿಳಿದುಕೊಳ್ಳುತ್ತಿದ್ದ.

ಕೆಮ್ಮು ಕೇಳಿಸಿತು. ಒಂದಲ್ಲ, ಒಂದರ ಮೇಲೊಂದು. ಓಡಿಬಂದೆ. ಮೊಮ್ಮಗಳು ಅಡುಗೆಮನೆಯ ನಡುವೆ ಬಾಟಲಿ ಹಿಡಿದು ನಿಂತಿದ್ದಳು. ಕಣ್ಣಿನಲ್ಲಿ ನೀರು.

"ಅಜ್ಜ, ವಾಟರ್ ಬ್ಯಾಡ್ ಉಂಟು" ಎಂದಳು.

ನನ್ನ ಕೈಗೆ ನನಗಿಂತ ಮೊದಲು ಗೊತ್ತಿತ್ತು ಏನು ಮಾಡಬೇಕೆಂದು. ಅವಳನ್ನು ಬಗ್ಗಿಸಿ ಹಿಡಿದು ಬಾಯೊಳಗೆ ಬೆರಳು ಹಾಕಿದೆ. ನಾಲಿಗೆಯ ಬುಡಕ್ಕೆ ಬೆರಳು ಮುಟ್ಟಿರಬೇಕು, ಅಷ್ಟರಲ್ಲಿ ಸೊಸೆ ನನ್ನ ಮಣಿಕಟ್ಟು ಹಿಡಿದು ಎಳೆದಳು. ಅವಳು ಬಾಟಲಿ ನೋಡಿದ ಕೂಡಲೇ ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಫೋನು ಕಿವಿಯಲ್ಲೇ ಇತ್ತು.

"ಕೈ ತೆಗೀರಿ ಮಾವ. ವಾಂತಿ ಮಾಡಿಸಬಾರದಂತೆ."

"ನಾವು ಯಾವಾಗಲೂ ಹೀಗೇ ಮಾಡಿದ್ದು. ಒಂದು ಲೋಟ ಹಾಲು ತಾ."

"ಹಾಲೂ ಬೇಡ, ಏನೂ ಬೇಡ. ಕೈ ತೆಗೀರಿ."

ಮದುವೆಯಾಗಿ ಬಂದಂದಿನಿಂದ ಆ ಹುಡುಗಿ ನನಗೆ ಎದುರು ಮಾತಾಡಿದವಳಲ್ಲ. ಅವತ್ತು ಅವಳ ಉಗುರು ನನ್ನ ಕೈಯಲ್ಲಿ ಇಳಿದಿತ್ತು. ನಾನು ಕೈ ತೆಗೆದೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಮಲಯಾಳಿ ನರ್ಸ್ ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಪೆಟ್ರೋಲು ಹೊಟ್ಟೆಗೆ ಹೋದದ್ದಕ್ಕಿಂತ ಎದೆಗೆ ಇಳಿಯುವುದೇ ಅಪಾಯ. ಅದು ತೆಳು, ಜಾರುತ್ತದೆ. ವಾಂತಿ ಮಾಡಿಸಿದರೆ ಮೇಲೆ ಬರುತ್ತಾ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಯುವಾಗ ಕೆಮ್ಮಿದ್ದರಲ್ಲೇ ಸ್ವಲ್ಪ ಹೋಗಿದೆ. ನಿಮ್ಮ ಬೆರಳು ಇನ್ನೊಂದು ಕ್ಷಣ ಅಲ್ಲಿದ್ದರೆ ಬಹಳ ಹೋಗುತ್ತಿತ್ತು. ಅವಳು ಬೈಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋದಳು. ಇಷ್ಟು ವರ್ಷ ನಾವು ಮದ್ದು ಎಂದುಕೊಂಡದ್ದು ಅದೇ ಪೆಟ್ರೋಲಿನ ಎರಡನೇ ಪೆಟ್ಟು. ಅದನ್ನೂ ನಮ್ಮ ಕೈಯಿಂದಲೇ ಹೊಡೆಸುತ್ತಿತ್ತು.

ಸಂಜೆ ಜ್ವರ ಬಂತು. ಎಕ್ಸ್‌ರೇಯಲ್ಲಿ ಬಲಗಡೆ ಬಿಳಿ ನೆರಳು. ಮೂಗಿಗೆ ಆಕ್ಸಿಜನ್ ಪೈಪು ಹಾಕಿದರು. ಪ್ರತಿ ಉಸಿರಿಗೂ ಪಕ್ಕೆಯ ಎಲುಬುಗಳ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. ನಾನು ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದವನು. ಆ ಉಸಿರಿನ ಸದ್ದು ಕೇಳಲು ನನ್ನಿಂದ ಆಗಲಿಲ್ಲ.

ಮಗ ಆಫೀಸಿನ ಟೂರಿನಿಂದ ನೇರ ಅಲ್ಲಿಗೇ ಬಂದ. ನನ್ನನ್ನು ಒಂದೇ ಪ್ರಶ್ನೆ ಕೇಳಿದ.

"ಬಾಟಲಿ ಎಲ್ಲಿ ಇಟ್ಟಿದ್ರಿ ಉಪ್ಪಾ?"

"ನೆಲದಲ್ಲಿ."

ಅವನು ತಲೆ ಆಡಿಸಿ ಮಗುವಿನ ಹತ್ತಿರ ಹೋದ. ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಆಸ್ಪತ್ರೆಯ ಕಾರಿಡಾರಿನ ಕುರ್ಚಿಯಲ್ಲಿ ಕೂತು ನಾನು ಪೆಟ್ರೋಲಿನ ಎಲ್ಲಾ ಹಳೆಯ ಕೆಲಸಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಮೊದಲು ಅದು ನನ್ನ ಮೂಗನ್ನು ತೆಗೆಯಿತು. ಮನೆಯ ಕಾವಲುಗಾರನನ್ನು ಮೊದಲೇ ಮುಗಿಸಿ, ನಂತರ ನೀರಿನ ವೇಷ ಹಾಕಿಕೊಂಡು ಒಳಗೆ ಬಂದಿತು. ಬಾಗಿಲು ತೆಗೆದುಕೊಟ್ಟವನು ನಾನು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ನನ್ನನ್ನು ಅಂಥ ದಡ್ಡನನ್ನಾಗಿ ಮಾಡಿದ್ದು ಯಾರು? ದಿನವೂ ಮುಟ್ಟಿಸಿ, ಮೂಸಿಸಿ, ಕುಡಿಸಿ, ಮನೆಯವನ ಹಾಗೆ ಸಲಿಗೆ ಬೆಳೆಸಿ ಮೋಸ ಮಾಡಿದ್ದು ಅದು. ಈ ಮಗುವಿನ ಉಸಿರು ಸರಿಯಾಗಲಿ, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಹೇಳಿದೆ. ಪಕ್ಕದ ಕುರ್ಚಿಯ ಮುದುಕ ನಾನು ಅವನಿಗೆ ಹೇಳಿದೆ ಎಂದು ತಿಳಿದು ಎದ್ದು ಆಚೆ ಹೋದ.

ಮೂರನೇ ದಿನ ಜ್ವರ ಇಳಿಯಿತು. ಮೊಮ್ಮಗಳು ಕಣ್ಣು ಬಿಟ್ಟು ಮ್ಯಾಂಗೋ ಜ್ಯೂಸ್ ಕೇಳಿದಳು. ಕೊಟ್ಟರೆ ಕುಡಿಯಲಿಲ್ಲ. ಮೊದಲು ಮೂಸಿ ನೋಡಿದಳು.

"ಓಕೆ" ಎಂದು ನನಗೆ ಹೇಳಿ ಆಮೇಲೆ ಕುಡಿದಳು.

ಐದನೇ ದಿನ ಮನೆಗೆ ಕಳಿಸಿದರು. ಆರು ವಾರ ಬಿಟ್ಟು ಬನ್ನಿ, ಎದೆ ಪೂರ್ತಿ ತಿಳಿಯಾಗಿದೆಯೋ ಇಲ್ಲವೋ ಆಗ ಹೇಳುತ್ತೇವೆ ಎಂದರು. ಆ ಆರು ವಾರ ನಾನು ಸುಮ್ಮನೆ ಕೂರಲಿಲ್ಲ.

ಮನೆಗೆ ಬಂದವನೇ ಹುಡುಕಿದೆ. ಬಾಲ್ಕನಿಯ ಬಾಟಲಿಯಲ್ಲದೆ ನನ್ನ ಟೂಲ್ ಬಾಕ್ಸಿನಲ್ಲಿ ಇನ್ನೊಂದು ಇತ್ತು. ಸಿಂಕಿಗೆ ಸುರಿದು ಅದರ ಕಥೆ ಮುಗಿಸಬೇಕೆಂದಿದ್ದೆ. ಸೊಸೆ ತಡೆದು, ಅದು ಪೈಪಿನೊಳಗೆ ಆವಿಯಾಗಿ ಇನ್ನೊಬ್ಬರ ಮನೆಯಲ್ಲಿ ಹೊತ್ತಿಕೊಂಡೀತು ಎಂದಳು. ನೋಡಿ, ಕೊಲ್ಲಲು ಹೋದರೂ ಪಕ್ಕದ ಮನೆಯವನನ್ನು ಹಿಡಿದುಕೊಂಡು ಸಾಯುವ ಜಾತಿ. ಮುಚ್ಚಳ ಬಿಗಿದು, ಬಕೆಟಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ನಮ್ಮ ಹಳೆಯ ಗ್ಯಾರೇಜಿಗೆ ಹೋದೆ. ಅದು ಈಗ ಊರಾಚೆ ಇದೆ. ಅಲ್ಲಿ ಹಳೆಯ ಪೆಟ್ರೋಲು, ಆಯಿಲ್ ಒಯ್ಯುವವರ ಡ್ರಮ್ಮು ಇರುತ್ತದೆ.

ಈಗಿನ ಫೋರ್‌ಮನ್ ಬಂಟ್ವಾಳದವನು, ನಾನೇ ಕೆಲಸ ಕಲಿಸಿದವನು. ನನ್ನ ಬಕೆಟು ನೋಡಿ ನಕ್ಕ.

"ಎಂತ ಗುರುಗಳೇ, ಪೆಟ್ರೋಲ್ ವಾಪಸ್ ಕೊಡ್ಲಿಕ್ಕೆ ಬಂದದ್ದಾ? ಎಕ್ಸ್‌ಚೇಂಜ್ ಮಾಫಿ, ಇಲ್ಲವೇ ಇಲ್ಲ."

ಅವನ ಹಿಂದೆ ಇಬ್ಬರು ಮೆಕ್ಯಾನಿಕ್‌ಗಳು ತಗಡಿನ ಬೋಗುಣಿಯಲ್ಲಿ ಕೈ ಅದ್ದಿ ತೊಳೆಯುತ್ತಿದ್ದರು. ಬೋಗುಣಿಯಲ್ಲಿ ಏನಿದೆ ಎಂದು ಹೇಳಲು ನನಗೆ ಮೂಗು ಬೇಕಾಗಲಿಲ್ಲ. ಗೋಡೆಯ ಮೊಳೆಗೆ ರಬ್ಬರು ಪೈಪುಗಳು ತೂಗುತ್ತಿದ್ದವು. ನಾನು ಜೇಬಿನಿಂದ ಚಾಕು ತೆಗೆದು ಎಲ್ಲವನ್ನೂ ಇಳಿಸಿ ಗೇಣುದ್ದ ಗೇಣುದ್ದ ಕತ್ತರಿಸಿದೆ. ಕೋಳಿ ಕೊಯ್ದ ಹಾಗೆ ಕೊಯ್ದೆ. ಇಷ್ಟು ವರ್ಷದಲ್ಲಿ ಅಷ್ಟು ಸುಖ ನನಗೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

"ಮರುಳುಂಟಾ ನಿಮಗೆ? ಮಧ್ಯಾಹ್ನ ಒಂದು ಟ್ಯಾಂಕ್ ಖಾಲಿ ಮಾಡ್ಲಿಕ್ಕುಂಟು" ಎಂದು ಫೋರ್‌ಮನ್ ಚಾಕು ಹಿಡಿದ ನನ್ನ ಕೈಗೆ ಕೈ ಹಾಕಿದ.

ನಾನು ಬಕೆಟಿನ ತಳದಿಂದ, ಬರುವಾಗ ಕೊಂಡುತಂದ ಪೆಟ್ರೋಲು ಎಳೆಯುವ ಕೈಪಂಪು ತೆಗೆದು ಅವನ ಕೈಯಲ್ಲಿಟ್ಟೆ. ಜೊತೆಗೆ ಗ್ರೀಸ್ ತೊಳೆಯುವ ಸಾಬೂನಿನ ಡಬ್ಬಿ. ಆಮೇಲೆ ಮೊಮ್ಮಗಳ ವಿಷಯ ಹೇಳಿದೆ. ಬೆರಳಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ವಾಂತಿ ಮಾಡುವುದನ್ನು ಅವನಿಗೆ ಕಲಿಸಿದವನೂ ನಾನೇ ಅಲ್ಲವೇ.

ಅವನು ಪಂಪು, ಡಬ್ಬಿ ಎರಡನ್ನೂ ಬದಿಗಿಟ್ಟ. ಆಮೇಲೆ ಬೋಗುಣಿಯನ್ನು ಎತ್ತಿ ಡ್ರಮ್ಮಿಗೆ ಸುರಿದ. ಕಪಾಟಿನಲ್ಲಿದ್ದ ನೀರಿನ ಬಾಟಲಿಗಳನ್ನೆಲ್ಲ ಇಳಿಸಿದ. ಒಂದರಲ್ಲಿ ಪೆಟ್ರೋಲು, ಒಂದರಲ್ಲಿ ಥಿನ್ನರ್, ಒಂದರಲ್ಲಿ ನಿಜವಾಗಿಯೂ ನೀರು. ಯಾವುದು ಯಾವುದೆಂದು ಅವನೇ ಮೂಸಿ ನೋಡಬೇಕಾಯಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ನನಗೆ ಫೋನು ಮಾಡಿದ. ಅವನಿಗೂ ಮನೆಯಲ್ಲಿ ಎರಡು ಸಣ್ಣವು.

"ಗುರುಗಳೇ, ನಮ್ಮಲ್ಲೂ ಒಂದು ಇತ್ತು" ಎಂದ. "ಸಿಂಕಿನ ಕೆಳಗೆ. ಕುಡಿಯುವ ನೀರಿನ ಕ್ಯಾನಿನ ಪಕ್ಕ."

"ತೆಗೆದೆಯಾ?"

"ತೆಗೆದೆ. ಖಲಾಸ್."

ಆಸ್ಪತ್ರೆಯಿಂದ ಬಂದ ಮೇಲೆ ಅವತ್ತು ನಾನು ಮೊದಲ ಸಲ ಹೊಟ್ಟೆ ತುಂಬ ಉಂಡೆ. ಮರುದಿನದಿಂದ ಪರಿಚಯದ ಒಂದೊಂದೇ ಮನೆಗೆ ಹೋಗಲು ಶುರುಮಾಡಿದೆ. ಅಲ್ ಅಜೀಜಿಯಾದಲ್ಲಿ ನಮ್ಮ ಕಡೆಯ ಹಳೆಯ ಡ್ರೈವರುಗಳು ಇದ್ದಾರೆ, ಅಲ್ಲಿಗೆ ಮೆಟ್ರೋದಲ್ಲಿ ಹೋಗುತ್ತೇನೆ. ಚಾ ಕೊಡುವ ಮೊದಲು ಬಾಲ್ಕನಿ ತೋರಿಸಿ ಎನ್ನುತ್ತೇನೆ. ಬಹಳ ಮನೆಗಳಲ್ಲಿ ಸಿಕ್ಕಿದೆ. ಸಿಕ್ಕಾಗಲೆಲ್ಲ ಒಬ್ಬ ಕಳ್ಳನನ್ನು ಜುಟ್ಟು ಹಿಡಿದು ಹೊರಗೆ ಎಳೆದಷ್ಟು ಖುಷಿ. ಮನೆಯಲ್ಲಿ ಮೊಮ್ಮಗಳು ನನ್ನ ಲೋಟವನ್ನೂ ಮೂಸುತ್ತಾಳೆ. ಅಜ್ಜನ ಮೂಗು ಕೆಟ್ಟಿದೆ ಎಂದು ಅವಳಿಗೆ ಹೇಳಿದ್ದೇನೆ. ಪೆಟ್ರೋಲು ಗಾಡಿ ಕುಡಿಯುವುದು, ನಾವು ಕುಡಿಯುವುದಲ್ಲ, ಗಾಡಿ ಅದನ್ನು ಕುಡಿದು ಹಿಂದಿನಿಂದ ಬಿಡುವುದನ್ನೂ ನಾವು ಮೂಸಬಾರದು ಎಂದೂ ಹೇಳಿದ್ದೇನೆ.

ಮಗ ಒಮ್ಮೆ ಕೆಣಕಿದ. "ಉಪ್ಪಾ, ಆ ಪೆಟ್ರೋಲಿನಿಂದಲೇ ನಾನು ಓದಿದ್ದು, ಊರಿನ ಮನೆ ಕಟ್ಟಿದ್ದು. ಮೆಟ್ರೋ ಓಡುವುದೂ ಗ್ಯಾಸಿನ ಕರೆಂಟಿನಿಂದ."

"ಹೌದು" ಎಂದೆ. "ಕೂಲಿ ಕೊಟ್ಟಿತು. ಕೂಲಿ ಕೊಟ್ಟ ಧಣಿ ಮನೆಯೊಳಗೆ ಬಂದು ಮಗುವಿನ ಕುತ್ತಿಗೆ ಹಿಡಿದರೆ ಸಲಾಂ ಹೊಡಿಯಬೇಕಾ?"



ನಿನ್ನೆ ಆ ಆರು ವಾರ ಮುಗಿಯಿತು. ಎಕ್ಸ್‌ರೇ ತೆಗೆದರು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು, ಬಲಕ್ಕೆ ಎಡಕ್ಕೆ ಬದಲಿಸಿ, ಬಹಳ ಹೊತ್ತು ಕೇಳಿದರು. ನನಗೆ ಅವರ ಮುಖ ನೋಡಲು ಧೈರ್ಯವಿರಲಿಲ್ಲ, ಅವರ ಬೂಟು ನೋಡುತ್ತಿದ್ದೆ. ಸೊಸೆ ನನ್ನ ತೋಳು ಮುಟ್ಟಿ ಹೇಳಿದಳು.

"ಮಾವ, ಕ್ಲಿಯರ್ ಅಂತೆ. ಎರಡೂ ಕಡೆ."

ಅಲ್ಲೇ ಕೂತುಬಿಟ್ಟೆ. ಮೊಮ್ಮಗಳು ಅಜ್ಜನಿಗೂ ಇಂಜೆಕ್ಷನ್ ಕೊಡಿ ಎಂದು ಡಾಕ್ಟರಿಗೆ ಶಿಫಾರಸು ಮಾಡಿದಳು.

ಬರುವಾಗ ಮಗ ಖುಷಿಯಲ್ಲಿ ಕರಕ್ ಚಾ ಅಂಗಡಿಯ ಎದುರು ಕಾರು ನಿಲ್ಲಿಸಿ ಹಾರನ್ ಹೊಡೆದ. ಇಲ್ಲಿ ಚಾ ಕುಡಿಯುವುದೇ ಹಾಗೆ. ಯಾರೂ ಇಳಿಯುವುದಿಲ್ಲ. ಇಂಜಿನ್ನು ಓಡುತ್ತಿರುತ್ತದೆ, ಏಸಿ ಓಡುತ್ತಿರುತ್ತದೆ, ಚಾದವನು ಟ್ರೇ ಹಿಡಿದು ಕಿಟಕಿಗೆ ಬರುತ್ತಾನೆ. ಹತ್ತು ಹನ್ನೆರಡು ಗಾಡಿಗಳು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದವು. ಎಷ್ಟೋ ವರ್ಷ ನಾನೂ ಹೀಗೆಯೇ ಚಾ ಕುಡಿದವನು. ನಿನ್ನೆ ಮಾತ್ರ ಕೈಚಾಚಿ ಬಟನ್ ಒತ್ತಿ ಇಂಜಿನ್ನು ನಿಲ್ಲಿಸಿದೆ.

"ಉಪ್ಪಾ, ಹೊರಗೆ ಎಂತ ಬಿಸಿಲು ಉಂಟು ನೋಡಿ."

"ಬಿಸಿಲಿಗೆ ನಾನು ಹೆದರುವುದಿಲ್ಲ. ಇಳಿ."

ಎಲ್ಲರೂ ಇಳಿದು ಅಂಗಡಿಯ ತಗಡಿನ ನೆರಳಿನಲ್ಲಿ ನಿಂತೆವು. ಚಾದವನು ಟ್ರೇ ಹಿಡಿದು ಕಾರಿನ ತನಕ ಹೋಗಿ, ಖಾಲಿ ಕಾರು ನೋಡಿ, ನಮ್ಮ ಹತ್ತಿರ ಬಂದ.

"ಗಾಡಿ ಖರಾಬ್?" ಎಂದು ಕೇಳಿದ.

"ಗಾಡಿ ಸರಿ ಉಂಟು" ಎಂದೆ. "ನಾವೂ ಸರಿ ಇದ್ದೇವೆ."

ಮೊಮ್ಮಗಳು ಕೆಮ್ಮಿದಳು. ಒಂದೇ ಸಲ. ಬಿಸಿ ಹೊಗೆ ನಮ್ಮ ಕಡೆಗೇ ಬೀಸುತ್ತಿತ್ತು. ಮಗನ ಕೈಯಲ್ಲಿದ್ದ ಚಾದ ಕಪ್ಪು ಅಲ್ಲೇ ನಿಂತಿತು, ಸೊಸೆ ತಿರುಗಿ ನೋಡಿದಳು. ಮೊಮ್ಮಗಳು ಮೂಗು ಸುಕ್ಕುಗಟ್ಟಿಸಿ ನಮ್ಮ ಪಕ್ಕದ ದೊಡ್ಡ ಬಿಳಿ ಗಾಡಿಯನ್ನು ನೋಡಿದಳು. ಆಮೇಲೆ ನನ್ನ ಬೆರಳು ಹಿಡಿದು ಅದರ ಹತ್ತಿರ ಎಳೆದುಕೊಂಡು ಹೋಗಿ ಗಾಜಿಗೆ ತಟ್ಟಿದಳು.

ಗಾಜು ಇಳಿಯಿತು. ಆಫೀಸಿನ ಐಡಿ ಕಾರ್ಡಿನ ಪಟ್ಟಿ ಕುತ್ತಿಗೆಗೆ ಹಾಕಿಕೊಂಡ ಒಬ್ಬ ಗಂಡಸು. ನಾವು ಮಾತಾಡುವುದು ಕೇಳಿದ್ದನೋ ಏನೋ, ಬೆಂಗಳೂರಿನ ಕನ್ನಡದಲ್ಲಿ ಕೇಳಿದ.

"ಏನ್ ಪುಟ್ಟಿ, ಏನ್ ಬೇಕಿತ್ತು?"

"ಅಂಕಲ್, ನಿಮ್ಮ ಕಾರ್ ಪೆಟ್ರೋಲ್ ಕುಡೀತಾ ಉಂಟು. ಬ್ಯಾಡ್ ಸ್ಮೆಲ್. ಸ್ಟಾಪ್ ಮಾಡಿ."

ಅವನು ನನ್ನ ಮುಖ ನೋಡಿದ. "ಏನ್ ಸಾರ್, ಟ್ರಾಫಿಕ್ ಪೊಲೀಸ್‌ನ ಜೊತೇಲೇ ಕರ್ಕೊಂಡ್ ಬಂದಿದೀರಾ?"

"ಆಫ್ ಮಾಡಿ ಸಾರ್" ಎಂದೆ. "ಈ ಮಗು ಅದನ್ನು ಕುಡಿದು ಎದ್ದು ಬಂದಿದೆ."

ಅವನ ನಗು ನಿಂತಿತು. ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಇಂಜಿನ್ನು ನಿಲ್ಲಿಸಿದ. ಮೊಮ್ಮಗಳು ಗಾಡಿಯ ಹಿಂದಕ್ಕೆ ಬಗ್ಗಿ ನೋಡಿ, ಹೊಗೆ ನಿಂತಿದೆ ಎಂದು ಖಾತ್ರಿ ಮಾಡಿಕೊಂಡಳು. ನಂತರ ನನ್ನ ಬೆರಳು ಬಿಡದೆ ಸಾಲಿನಲ್ಲಿ ಮುಂದೆ ನಿಂತಿದ್ದ ಕಪ್ಪು ಗಾಡಿಯ ಕಡೆಗೆ ಹೊರಟಳು.